ಬಿಳಿ ಫಿಲ್ಲಿಂಗ್ ಹಾಕಿಸಿದ ಮೇಲೆ ಹಲ್ಲು ಜುಮ್ಮೆನ್ನುತ್ತಿದೆ: ದೋಷ ಅಂಟಿನದೋ, ಅಂಟಿಸಿದವರದೋ?

ತುಂಗಾತೀರ
ಕೆಳದವಡೆಯ ಬಲಗಡೆಯ ಹಲ್ಲೊಂದರಲ್ಲಿ ಹುಳುಕು ಇತ್ತು. ನೋವಿರಲಿಲ್ಲ, ಊಟವಾದ ಮೇಲೆ ಕಡ್ಡಿ ಹಾಕಿ ತೆಗೆಯಬೇಕಾದಷ್ಟು ಆಹಾರ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೇ. ಕಳೆದ ತಿಂಗಳು ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕಿಸಿದೆ. ಈಗ ಫ್ರಿಜ್ ನೀರು ತಾಕಿದರೆ ಜುಮ್ಮೆನ್ನುತ್ತದೆ. ಚಕ್ಕುಲಿ, ಹುರಿಗಡಲೆ ಕಚ್ಚಿದರೆ ಒಂದು ಕ್ಷಣ ಚಳುಕು ಹೊಡೆದು ಮಾಯವಾಗುತ್ತದೆ. ಬಿಸಿ ಕಾಫಿಗೆ ಏನೂ ಆಗುವುದಿಲ್ಲ, ರಾತ್ರಿ ನಿದ್ದೆಗೂ ತೊಂದರೆಯಿಲ್ಲ.

ಹಾಕಿದ ವೈದ್ಯರು "ಸ್ವಲ್ಪ ದಿನ ಹಾಗೆಯೇ ಇರುತ್ತದೆ" ಎಂದರು. ಪರಿಚಯದ ಇನ್ನೊಬ್ಬ ವೈದ್ಯರು ಪೂರ್ತಿ ತೆಗೆದು ಹೊಸದಾಗಿ ಹಾಕಬೇಕು ಎಂದರು. ಮೂರನೆಯವರು ಎಕ್ಸ್‌ರೇ ಕೂಡ ನೋಡದೆ ರೂಟ್ ಕೆನಾಲ್ ಎಂದರು. ಒಂದೇ ಹಲ್ಲು, ಮೂರು ತೀರ್ಪು. ಸುಮ್ಮನಿದ್ದ ಹಲ್ಲಿಗೆ ದುಡ್ಡು ಕೊಟ್ಟು ನೋವು ತಂದುಕೊಂಡೆ ಎಂದು ಮನೆಯವರು ದಿನವೂ ಆಡಿಕೊಳ್ಳುತ್ತಿದ್ದಾರೆ.

ಇಲ್ಲಿ ಹಲ್ಲಿನ ವೈದ್ಯರು ಇದ್ದಾರೆಂದು ಗೊತ್ತು. ಈ ಫಿಲ್ಲಿಂಗ್ ಹಲ್ಲಿಗೆ ಅಂಟುವುದಾದರೂ ಹೇಗೆ? ನೋವು ಬರದಂತೆ, ಬಹುಕಾಲ ಬಾಳುವಂತೆ ಅಂಟಿಸುವ ಕ್ರಮವೊಂದು ಇದೆಯೇ, ಇಲ್ಲವೇ ಇದೆಲ್ಲ ಅವರವರ ಹಣೆಬರಹವೇ?

ಕಡಲೆಬೀಜ
ಹಳೆಯ ಬೆಳ್ಳಿ ಫಿಲ್ಲಿಂಗ್ ಹಾಕಿಸಬೇಕಿತ್ತು. ನಮ್ಮ ತಂದೆಯವರ ಬಾಯಲ್ಲಿ ಇಂದಿರಾ ಗಾಂಧಿ ಕಾಲದ್ದು ಇನ್ನೂ ಗಟ್ಟಿಯಾಗಿ ಕೂತಿದೆ.

ದಂತವೈದ್ಯೆ_ದಾವಣಗೆರೆ
@ತುಂಗಾತೀರ, ನೀವು ಬರೆದ ಲಕ್ಷಣಗಳಲ್ಲೇ ಅರ್ಧ ಉತ್ತರ ಇದೆ. ತಣ್ಣಗಿನದು ತಾಕಿದಾಗ ಜುಮ್ಮೆಂದು ಕೂಡಲೇ ನಿಂತುಹೋಗುತ್ತದೆ ಎಂದರೆ ಹಲ್ಲಿನ ತಿರುಳು ಜೀವಂತವಾಗಿದೆ, ಸ್ವಲ್ಪ ಕೆರಳಿದೆ. ಬಿಸಿಗೆ ನೋವು ಎದ್ದು ನಿಮಿಷಗಟ್ಟಲೆ ಉಳಿದರೆ, ನಡುರಾತ್ರಿ ತಾನಾಗಿಯೇ ಎಬ್ಬಿಸಿದರೆ ಆಗ ರೂಟ್ ಕೆನಾಲ್ ಮಾತು. ನಿಮಗೆ ಎರಡೂ ಇಲ್ಲ.

ಕಚ್ಚಿದಾಗಿನ ಚಳುಕು ಬೇರೆ ಕಥೆ. ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಾಗಿದ್ದರೂ ಹಾಗಾಗಬಹುದು. ಇದು ಅತ್ಯಂತ ಸುಲಭದ ಕಾರಣ, ಬಣ್ಣದ ಕಾಗದ ಕಚ್ಚಿಸಿ ನೋಡಿದರೆ ಐದು ನಿಮಿಷದಲ್ಲಿ ಸರಿಯಾಗುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ಇಳಿಯುವ ಮೊದಲೇ ಕಚ್ಚಿಸಿ ನೋಡಿದರೆ ರೋಗಿ ಸರಿಯಾಗಿ ಕಚ್ಚುವುದಿಲ್ಲ, ಎತ್ತರ ಉಳಿದುಬಿಡುತ್ತದೆ. ಎರಡನೆಯದು ಹಲ್ಲಿನಲ್ಲಿ ಸೀಳು: ಕಚ್ಚುವಾಗ ಅಲ್ಲ, ಕಚ್ಚಿದ್ದನ್ನು ಬಿಡುವಾಗ ನೋವು ಹೆಚ್ಚಿದ್ದರೆ ಅದರ ಮೇಲೆ ಸಂಶಯ. ಮೂರನೆಯದು ಫಿಲ್ಲಿಂಗ್ ತಳದಲ್ಲಿ ಅಂಟು ಬಿಟ್ಟು ಸಂದು ಉಳಿದಿರುವುದು.

ಆ ಸಂದಿನಿಂದ ನೋವೇಕೆ? ಹಲ್ಲಿನ ಹೊರಪದರ ಎನಾಮಲ್, ಅದರ ಒಳಗಿರುವುದು ಡೆಂಟಿನ್. ಡೆಂಟಿನ್ ತುಂಬ ತಿರುಳಿನವರೆಗೆ ಹೋಗುವ ಸೂಕ್ಷ್ಮ ನಾಳಗಳು. ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 45,000 ನಾಳಗಳಿರುತ್ತವೆ. ಎನಾಮಲ್ ಬಳಿ ಅದರ ಅರ್ಧಕ್ಕಿಂತ ಕಡಿಮೆ. ನಾಳಗಳಲ್ಲಿ ದ್ರವ ಇದೆ. ಫಿಲ್ಲಿಂಗ್ ತಳದ ಸಂದಿನಲ್ಲಿ ದ್ರವ ತುಂಬಿಕೊಂಡಿದ್ದರೆ, ನೀವು ಕಚ್ಚಿದಾಗ ಅದು ಒತ್ತಿಸಿಕೊಂಡು ನಾಳಗಳೊಳಕ್ಕೆ ನುಗ್ಗುತ್ತದೆ, ಅಲ್ಲಿನ ನರ ಸಿಡಿಯುತ್ತದೆ. ತಣ್ಣೀರಿಗೆ ದ್ರವ ಕುಗ್ಗಿ ಹೊರಕ್ಕೆ ಜರುಗಿದಾಗಲೂ ಅದೇ. ಸ್ವೀಡನ್ನಿನ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ. ಫಿಲ್ಲಿಂಗ್ ಕೆಳಗೆ ಹಚ್ಚುವ ಅಂಟಿಗೆ ಬಾಂಡ್ ಎನ್ನುತ್ತೇವೆ, ಹಚ್ಚುವ ಕೆಲಸಕ್ಕೆ ಬಾಂಡಿಂಗ್. ಹಾಗಾಗಿ ನಾಳಗಳ ಬಾಯಿ ಮುಚ್ಚುವುದೇ ಬಾಂಡಿಂಗ್‌ನ ಮುಖ್ಯ ಕೆಲಸ. ಫಿಲ್ಲಿಂಗ್ ಬೀಳದಂತೆ ಹಿಡಿಯುವುದು ಎರಡನೆಯದು.

ಬಿಸಿಬೇಳೆ
ಮೇಡಂ, ಹಾಗಾದರೆ ಫಿಲ್ಲಿಂಗ್ ಮಾಡುವಾಗ ಹಚ್ಚುವ ಆ ನೀಲಿ ಜೆಲ್ ಆಮ್ಲವಂತೆ. ನಾಳಗಳ ಬಾಯಿ ಮುಚ್ಚಬೇಕಾದ ಕಡೆ ಆಮ್ಲ ಹಾಕಿ ತೆರೆಯುತ್ತೀರಲ್ಲ?

ದಂತವೈದ್ಯೆ_ದಾವಣಗೆರೆ
@ಬಿಸಿಬೇಳೆ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಆ ನೀಲಿ ಜೆಲ್ ಶೇ. 37ರ ಆಸುಪಾಸಿನ ಫಾಸ್ಫಾರಿಕ್ ಆಮ್ಲ. ಎನಾಮಲ್‌ನಲ್ಲಿ ಶೇ. 96ರಷ್ಟು ಖನಿಜ. ಅಲ್ಲಿ 15ರಿಂದ 30 ಸೆಕೆಂಡ್ ಆಮ್ಲ ಹಚ್ಚಿ ತೊಳೆದು ಒಣಗಿಸಿದರೆ ಹೊಳಪು ಹೋಗಿ ಮಾಸಲು ಬಿಳುಪು ಬರುತ್ತದೆ, ಸೂಕ್ಷ್ಮ ಗುಳಿಗಳು ಏಳುತ್ತವೆ, ಬಾಂಡ್‌ನ ರಾಳ (ರೆಸಿನ್) ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಈ ಅಂಟು ಬಹಳ ನಂಬಿಕಸ್ಥ. ತಗಾದೆ ಇರುವುದೆಲ್ಲ ಡೆಂಟಿನ್‌ನಲ್ಲಿ. ಅಲ್ಲಿ ಖನಿಜ ಶೇ. 70ರಷ್ಟು, ಉಳಿದದ್ದು ಕೊಲಾಜನ್ ನಾರು ಮತ್ತು ನೀರು. ಆಮ್ಲ ಖನಿಜವನ್ನು ತೆಗೆದು ನಾರನ್ನು ಬೆತ್ತಲೆ ಮಾಡುತ್ತದೆ. ಆ ನಾರಿನ ನಡುವೆ ಬಾಂಡ್ ಪೂರ್ತಿ ಇಳಿದರೆ ನಾಳ ಮುಚ್ಚುತ್ತದೆ. ಆಮ್ಲ ಇಳಿದಷ್ಟು ಆಳಕ್ಕೆ ಬಾಂಡ್ ಇಳಿಯದಿದ್ದರೆ ನೀವು ಹೇಳಿದಂತೆಯೇ ಆಗುತ್ತದೆ: ತೆರೆದ ಬಾಯಿ ತೆರೆದೇ ಉಳಿಯುತ್ತದೆ. ಡೆಂಟಿನ್ ಮೇಲೆ 15 ಸೆಕೆಂಡ್ ದಾಟಬಾರದು ಎನ್ನುವುದು ಅದಕ್ಕೆ.

ಗಾರೆಕೆಲಸ_ಹಾಸನ
ಇದು ನಮ್ಮ ಕಸುಬಿನ ಮಾತಿನ ಹಾಗೆಯೇ ಇದೆಯಲ್ಲ. ಒಣ ಇಟ್ಟಿಗೆ ಗೋಡೆಗೆ ಗಾರೆ ಬಳಿದರೆ ಇಟ್ಟಿಗೆ ನೀರನ್ನೆಲ್ಲ ಹೀರಿ ಗಾರೆ ಉದುರುತ್ತದೆ. ನೀರು ಸುರಿಯುತ್ತಿದ್ದರೆ ಗಾರೆ ಜಾರುತ್ತದೆ. ಗೋಡೆ ಹಸಿಯಾಗಿರಬೇಕು, ಒದ್ದೆಯಾಗಿರಬಾರದು. ಹಲ್ಲಿಗೂ ಹೀಗೆಯೇ ಏನಾದರೂ ಇದೆಯೇ ಡಾಕ್ಟರೇ?

ಪಿಜಿ_ಮಂಗಳೂರು
@ಗಾರೆಕೆಲಸ_ಹಾಸನ, ಸರ್, ನಮ್ಮ ಪ್ರೊಫೆಸರ್ ಒಂದು ಗಂಟೆ ಪಾಠ ಮಾಡಿದ್ದನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದಿರಿ. ಆಮ್ಲ ತೊಳೆದ ಮೇಲೆ ಡೆಂಟಿನ್ ಅನ್ನು ಗಾಳಿ ಊದಿ ಖಡಕ್ ಒಣಗಿಸಿದರೆ ಕೊಲಾಜನ್ ನಾರು ಕುಸಿದು ಒಂದರ ಮೇಲೊಂದು ಅಂಟಿಕೊಳ್ಳುತ್ತದೆ, ಬಾಂಡ್ ಇಳಿಯಲು ಜಾಗವೇ ಇರುವುದಿಲ್ಲ. ನೀರು ನಿಂತಿದ್ದರೆ ಬಾಂಡ್ ಬೆರೆತು ತೆಳುವಾಗುತ್ತದೆ. 1990ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಕಾಂಕಾ ಅವರು ಹಸಿ ಡೆಂಟಿನ್ ಮೇಲೆ ಬಾಂಡಿಂಗ್ ಮಾಡುವ ಕ್ರಮವನ್ನು ಮುಂದಿಟ್ಟರು. ಆದರೆ ಎಷ್ಟು ಹಸಿ ಎಂಬುದನ್ನು ಅಳೆಯುವ ಉಪಕರಣ ಯಾರ ಬಳಿಯೂ ಇಲ್ಲ. ಒಂದೇ ಕುಳಿಯ ತಳ ಒದ್ದೆ, ಗೋಡೆ ಒಣ ಆಗಿರಬಹುದು. ಕೈಯಿಂದ ಕೈಗೆ ಫಲಿತಾಂಶ ಬದಲಾಗುವುದು ಇಲ್ಲೇ.

ಇತಿಹಾಸ ಕೇಳಿದವರು ಯಾರೂ ಇಲ್ಲ, ಆದರೂ ಹೇಳುತ್ತೇನೆ. 1955ರಲ್ಲಿ ಬ್ಯುನೊಕೋರ್ ಶೇ. 85ರ ಫಾಸ್ಫಾರಿಕ್ ಆಮ್ಲವನ್ನು ಎನಾಮಲ್ ಮೇಲೆ ಹಚ್ಚಿ ಅಕ್ರಿಲಿಕ್ ಅಂಟುವುದನ್ನು ತೋರಿಸಿದರು. 1962ರಲ್ಲಿ ಬೋವೆನ್ ಅವರ ಬಿಸ್-ಜಿಎಂಎ ರಾಳಕ್ಕೆ ಪೇಟೆಂಟ್ ಬಂತು. ಇಂದಿನ ಬಹುಪಾಲು ಕಾಂಪೋಸಿಟ್‌ಗಳ ವಂಶ ಅದೇ. ಡೆಂಟಿನ್‌ಗೆ ಆಮ್ಲ ಹಚ್ಚಿದರೆ ತಿರುಳು ಸಾಯುತ್ತದೆಂದು ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ, 1970ರ ದಶಕದ ಕೊನೆಗೆ, ಜಪಾನಿನ ಫುಸಾಯಾಮಾ ಎನಾಮಲ್, ಡೆಂಟಿನ್ ಎರಡಕ್ಕೂ ಒಟ್ಟಿಗೇ ಆಮ್ಲ ಹಚ್ಚಿದರು. 1982ರಲ್ಲಿ ನಕಬಯಾಶಿ ಮತ್ತು ಸಂಗಡಿಗರು ರಾಳ ಮತ್ತು ಕೊಲಾಜನ್ ಬೆರೆತ ಪದರವನ್ನು ತೋರಿಸಿದರು. ಹೈಬ್ರಿಡ್ ಪದರ ಎನ್ನುವುದು ಅದಕ್ಕೆ.

ಲೆಕ್ಕಪತ್ರ
ಇತಿಹಾಸ ಚೆನ್ನಾಗಿದೆ. ಬಿಲ್ಲಿನಲ್ಲಿ ಇದಕ್ಕೂ ಸೇರಿಸುತ್ತೀರಾ?

ವಸಡುಮಿತ್ರ
ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತನಾದ ದಂತವೈದ್ಯ ನಾನು. ಈ ಹೊಸ ಹುಡುಗರು ಬಾಟಲಿಯ ಹೆಸರು ಹೇಳಿದಷ್ಟು ಹಲ್ಲಿನ ಹೆಸರು ಹೇಳುವುದಿಲ್ಲ. ನೋವು ಬರುವುದು ಬಹುಪಾಲು ಆಳದ ಕುಳಿಗಳಲ್ಲಿ. ಅಲ್ಲಿ ತಳಕ್ಕೆ ಗ್ಲಾಸ್ ಅಯನೋಮರ್ ಹಾಕಿ ಮೇಲೆ ಕಾಂಪೋಸಿಟ್ ಕೂರಿಸಿ, ಗಲಾಟೆಯೇ ಇಲ್ಲ. 1972ರಲ್ಲಿ ವಿಲ್ಸನ್ ಮತ್ತು ಕೆಂಟ್ ಲಂಡನ್ನಿನಿಂದ ಪ್ರಕಟಿಸಿದ ವಸ್ತು ಅದು. ಹಲ್ಲಿನ ಕ್ಯಾಲ್ಸಿಯಂಗೆ ತಾನೇ ರಾಸಾಯನಿಕವಾಗಿ ಅಂಟುತ್ತದೆ, ಬಲವಾದ ಆಮ್ಲ ಬೇಡ, ಫ್ಲೋರೈಡ್ ಬಿಡುತ್ತದೆ, ಸ್ವಲ್ಪ ಹಸಿಯನ್ನೂ ಸಹಿಸುತ್ತದೆ. ಕರೆಂಟು ಕೈಕೊಡುವ ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನನ್ನು ಕಾಪಾಡಿದ್ದು ಅದೇ.

@ಕಡಲೆಬೀಜ, ನಿಮ್ಮ ತಂದೆಯವರ ಬೆಳ್ಳಿ ಫಿಲ್ಲಿಂಗ್ ಬಗ್ಗೆ: ಅಮಾಲ್ಗಂ ಹಲ್ಲಿಗೆ ಅಂಟುವುದೇ ಇಲ್ಲ. ಒಳಗೆ ಅಗಲವಾಗಿ, ಬಾಯಿ ಕಿರಿದಾಗಿ ಕೊರೆದು ಸಿಕ್ಕಿಸಿಡುವುದು. ಅದಕ್ಕಾಗಿ ಒಳ್ಳೆಯ ಹಲ್ಲನ್ನೂ ಕತ್ತರಿಸಬೇಕಿತ್ತು. ಕಾಲಕ್ರಮದಲ್ಲಿ ಅದು ತುಕ್ಕು ಹಿಡಿದು ಆ ತುಕ್ಕೇ ಅಂಚಿನ ಸಂದನ್ನು ಮುಚ್ಚುತ್ತದೆ, ಬಾಳಿಕೆಯ ಗುಟ್ಟು ಅಷ್ಟೇ. ಆದರೆ ಅದರಲ್ಲಿ ಪಾದರಸ ಇದೆ. ಪಾದರಸದ ಬಳಕೆ ತಗ್ಗಿಸುವ 2013ರ ಮಿನಮಾಟಾ ಒಪ್ಪಂದದ ಮೇಲೆ ಎಲ್ಲ ಕಡೆ ಕಡಿಮೆಯಾಗುತ್ತಿದೆ, ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಕೆಲವು ವಿನಾಯಿತಿ ಬಿಟ್ಟು ನಿಲ್ಲಿಸಿಯೇ ಬಿಟ್ಟಿದೆ.

ದಂತವೈದ್ಯೆ_ದಾವಣಗೆರೆ
ಸರ್, ಗ್ಲಾಸ್ ಅಯನೋಮರ್ ತಳದ ಬಗ್ಗೆ ನನಗೂ ಗೌರವ ಇದೆ. ಆದರೆ ಪ್ರತಿ ಕುಳಿಗೂ ಅದನ್ನು ಹಾಕಿ ಎನ್ನುವುದನ್ನು ಒಪ್ಪುವುದಿಲ್ಲ. ಡೆಂಟಿನ್ ಅನ್ನು ಬಾಂಡ್‌ನಿಂದಲೇ ಸರಿಯಾಗಿ ಮುಚ್ಚಿದರೆ ಸಾಧಾರಣ ಆಳದ ಕುಳಿಗೆ ಇನ್ನೊಂದು ಪದರ ಬೇಕಿಲ್ಲ. ಪದರ ಹೆಚ್ಚಿದಷ್ಟೂ ಬಿಡುವ ಜಾಗ ಹೆಚ್ಚು.

ವಸಡುಮಿತ್ರ
"ಸರಿಯಾಗಿ ಮುಚ್ಚಿದರೆ" ಎಂಬ ಮಾತಿನ ಮೇಲೆ ಎಷ್ಟು ಭಾರ ಹಾಕಿದ್ದೀರಿ ನೋಡಿಕೊಳ್ಳಿ ಅಮ್ಮಾ.

ಪಿಜಿ_ಮಂಗಳೂರು
ಸರ್, ಆ ಭಾರ ಇಳಿಸಲೆಂದೇ ಸೆಲ್ಫ್ ಎಚ್ ಬಂದದ್ದು. ಅದರಲ್ಲಿ ಆಮ್ಲ ಹಚ್ಚಿ ತೊಳೆಯುವ ಹಂತವೇ ಇಲ್ಲ. ಮೊದಲು ಹಚ್ಚುವ ಪ್ರೈಮರ್ ಎಂಬ ದ್ರವದಲ್ಲೇ ಸೌಮ್ಯ ಆಮ್ಲಗುಣದ ಅಣುಗಳಿವೆ. ಅವು ಎಷ್ಟು ಆಳ ಖನಿಜ ಕರಗಿಸುತ್ತವೆಯೋ ಅಷ್ಟೇ ಆಳಕ್ಕೆ ರಾಳವೂ ಜೊತೆಯಲ್ಲೇ ಇಳಿಯುತ್ತದೆ. ಕೊರೆದಾಗ ನಾಳಗಳ ಬಾಯಿಗೆ ಮೆತ್ತಿಕೊಂಡ ಪುಡಿಯನ್ನು ತೊಳೆದು ತೆಗೆಯುವುದಿಲ್ಲ, ಬಾಂಡ್‌ನೊಳಗೇ ಸೇರಿಸಿ ಬಂಧಿಸುತ್ತದೆ. ಎಷ್ಟು ಹಸಿ, ಎಷ್ಟು ಒಣ ಎಂಬ ಜೂಜು ಬಹುಮಟ್ಟಿಗೆ ತಪ್ಪುತ್ತದೆ.

ಜಪಾನಿನ ಕುರಾರೆ ಕಂಪನಿ 1981ರಲ್ಲಿ ರೂಪಿಸಿದ 10-ಎಂಡಿಪಿ ಎಂಬ ಅಣು ಈ ಬಗೆಯ ಅಂಟುಗಳ ಜೀವಾಳ. ಅದು ಹಲ್ಲಿನ ಕ್ಯಾಲ್ಸಿಯಂ ಜೊತೆ ನೀರಿನಲ್ಲಿ ಸುಲಭಕ್ಕೆ ಕರಗದ ಲವಣವಾಗಿ ನಿಲ್ಲುತ್ತದೆ. ಈಗ ಪೇಟೆಯಲ್ಲಿರುವ, ಎರಡೂ ವಿಧಾನಕ್ಕೆ ಒದಗುವ ಯೂನಿವರ್ಸಲ್ ಬಾಂಡ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇದೇ ಇದೆ. ಆದರೆ ಸೌಮ್ಯ ಆಮ್ಲ ಎನಾಮಲ್‌ಗೆ ಸಾಲದು. ಹಾಗಾಗಿ ಅಂಚಿನ ಎನಾಮಲ್‌ಗೆ ಮಾತ್ರ ನೀಲಿ ಜೆಲ್, ಡೆಂಟಿನ್‌ಗೆ ಸೆಲ್ಫ್ ಎಚ್. ನನಗೆ ಆಯ್ಕೆ ಕೊಟ್ಟರೆ ನನ್ನ ಹಲ್ಲಿಗೆ ಇದನ್ನೇ ಮಾಡಿಸಿಕೊಳ್ಳುತ್ತೇನೆ.

ವಸಡುಮಿತ್ರ
ಹಾಗಾದರೆ ಒಂದು ಪ್ರಶ್ನೆ. ಸೆಲ್ಫ್ ಎಚ್ ಹಾಕಿದವರಿಗೆ ನೋವು ಕಡಿಮೆ, ಆಮ್ಲ ಹಚ್ಚಿ ತೊಳೆದವರಿಗೆ ಹೆಚ್ಚು ಎಂದು ರೋಗಿಗಳ ಮೇಲಿನ ಪ್ರಯೋಗಗಳು ಹೇಳಿವೆಯೇ?

ಪಿಜಿ_ಮಂಗಳೂರು
ದವಡೆ ಹಲ್ಲಿನ ಫಿಲ್ಲಿಂಗ್‌ಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಅವಲೋಕನ 2015ರಲ್ಲಿ ಬಂದಿದೆ. ಎರಡು ವಿಧಾನಗಳ ನಡುವೆ ನೋವಿನ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ವಸಡುಮಿತ್ರ
ಅಷ್ಟೇ ಕೇಳಬೇಕಿತ್ತು.

ದಂತವೈದ್ಯೆ_ದಾವಣಗೆರೆ
ಸರ್ ಗೆದ್ದಂತೆ ಎದ್ದು ಹೋಗುವ ಮೊದಲು ಒಂದು ಮಾತು. ಅಂಥ ಪ್ರಯೋಗಗಳಲ್ಲಿ ಕೆಲಸ ಮಾಡುವವರು ತರಬೇತಾದವರು, ಪ್ರತಿ ಹಂತಕ್ಕೂ ಗಡಿಯಾರ ನೋಡುವವರು. ಅವರ ಕೈಯಲ್ಲಿ ಎರಡೂ ಚೆನ್ನಾಗಿಯೇ ನಡೆಯುತ್ತವೆ. ಹೊರಗೆ ಆರು ಜನ ಕಾಯುತ್ತಿರುವ ಸಂಜೆ ಏಳು ಗಂಟೆಯ ಕ್ಲಿನಿಕ್‌ನಲ್ಲಿ ಯಾವುದು ತಪ್ಪನ್ನು ಹೆಚ್ಚು ಸಹಿಸುತ್ತದೆ ಎಂಬುದು ನನ್ನ ಪ್ರಶ್ನೆ. ಬಾಟಲಿ ಯಾವುದೇ ಇರಲಿ, ನಾನು ಕಂಡ ಎಡವಟ್ಟುಗಳೆಲ್ಲ ಸಣ್ಣವೇ. ಬಾಂಡ್ ಅನ್ನು ಸುಮ್ಮನೆ ಸವರಿ ಬಿಡುವುದು ಅದರಲ್ಲಿ ಮೊದಲನೆಯದು. ಈಗಿನ ಬಹುತೇಕ ಬಾಂಡ್‌ಗಳನ್ನು 20 ಸೆಕೆಂಡ್ ಪುಟ್ಟ ಕುಂಚದಿಂದ ಉಜ್ಜುತ್ತಲೇ ಇರಬೇಕು. 20 ಸೆಕೆಂಡ್ ಎಷ್ಟು ಉದ್ದ ಎಂದು ಗೋಡೆ ಗಡಿಯಾರ ನೋಡಿಕೊಂಡು ಉಜ್ಜಿದವರಿಗೇ ಗೊತ್ತು. ಆಮೇಲೆ ಗಾಳಿ ಊದುವುದು: ಬಾಂಡ್‌ನಲ್ಲಿ ಆಲ್ಕೋಹಾಲ್ ಇಲ್ಲವೇ ಅಸಿಟೋನ್, ಜೊತೆಗೆ ನೀರು ಇರುತ್ತದೆ. ಅದು ಆರದೆ ಗಟ್ಟಿಮಾಡುವ ನೀಲಿ ದೀಪ ಹಿಡಿದರೆ ದ್ರಾವಕ ಒಳಗೇ ಸಿಕ್ಕಿಬೀಳುತ್ತದೆ, ಅಂಟು ಮೆತ್ತಗೆ ಉಳಿಯುತ್ತದೆ. ಮೇಲ್ಮೈ ಅಲುಗಾಡುವುದು ನಿಲ್ಲುವವರೆಗೆ ಮೆಲ್ಲಗೆ ಊದಬೇಕು. ಇನ್ನು ಕಂಪ್ರೆಸರ್‌ನಿಂದ ಬರುವ ಗಾಳಿಯಲ್ಲಿ ಎಣ್ಣೆ ಇದ್ದರೆ ಮುಗಿಯಿತು. ಕನ್ನಡಿಯ ಮೇಲೆ ಊದಿ ನೋಡಿ ಎಂದು ನಮ್ಮಲ್ಲಿಗೆ ಬರುವ ಹೊಸಬರಿಗೆ ಹೇಳುತ್ತಿರುತ್ತೇನೆ.

ಅಜ್ಜಿಮದ್ದು
ಇಷ್ಟೆಲ್ಲ ರಾಸಾಯನಿಕ ಯಾಕೆ? ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳಿ, ಜುಮ್ಮೆನ್ನುವುದು ನಿಲ್ಲುತ್ತದೆ.

ವಸಡುಮಿತ್ರ
@ಅಜ್ಜಿಮದ್ದು, ಲವಂಗದ ಎಣ್ಣೆಯ ಯೂಜಿನಾಲ್ ಕೂಡ ರಾಸಾಯನಿಕವೇ ತಾಯಿ. ಸತುವಿನ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕ ಸಿಮೆಂಟ್ ಮಾಡಿ ನಾನೇ ಸಾವಿರಾರು ಹಲ್ಲಿಗೆ ಹಾಕಿದ್ದೇನೆ, ನೋವು ಇಳಿಸುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರು. ತೊಂದರೆ ಏನೆಂದರೆ ಯೂಜಿನಾಲ್ ತಗುಲಿದ ಕಡೆ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ. ನಾಳೆ ಕಾಂಪೋಸಿಟ್ ಹಾಕಿಸಬೇಕೆಂದಿರುವ ತೆರೆದ ಕುಳಿಗೆ ಇಂದು ಲವಂಗದ ಎಣ್ಣೆ ಹಾಕಿಕೊಂಡು ಹೋಗಬೇಡಿ. ಹಾಕಿಕೊಂಡಿದ್ದರೆ ವೈದ್ಯರಿಗೆ ಹೇಳಿ.

ಮಸ್ಕತ್_ಕನ್ನಡಿಗ
ಇದೇ ಜಾತಿಯ ಇನ್ನೊಂದು: ಹಲ್ಲು ಬಿಳುಪು ಮಾಡಿಸಿಕೊಂಡು ಅದೇ ವಾರ ಮುಂದಿನ ಹಲ್ಲಿಗೆ ಫಿಲ್ಲಿಂಗ್ ಬೇಕೆಂದರೆ ನಮ್ಮ ವೈದ್ಯರು ಒಪ್ಪಲಿಲ್ಲ. ಎರಡು ವಾರ ಬಿಟ್ಟು ಬನ್ನಿ ಎಂದರು. ಸುಮ್ಮನೆ ಓಡಾಡಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಪಿಜಿ_ಮಂಗಳೂರು
ಓಡಾಡಿಸಿದ್ದಲ್ಲ. ಬಿಳುಪು ಮಾಡುವ ಪೆರಾಕ್ಸೈಡ್‌ನ ಆಮ್ಲಜನಕ ಹಲ್ಲಿನಲ್ಲಿ ಉಳಿದಿರುತ್ತದೆ, ಅದು ಬಾಂಡ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಒಂದೆರಡು ವಾರ ಕಾಯುವುದು ರೂಢಿ.

ಪಾವಗಡದವನು
ನಮ್ಮ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಅರ್ಧ ಊರಿನ ಹಲ್ಲು ಕಂದು. ತಂಗಿಯ ಮದುವೆಗೆಂದು ಮುಂದಿನ ಹಲ್ಲುಗಳಿಗೆ ಕಾಂಪೋಸಿಟ್ ಮುಚ್ಚಿಸಿದೆವು. ವರ್ಷ ತುಂಬುವ ಮೊದಲೇ ಎರಡು ಕಡೆ ಎದ್ದು ಬಂತು. ಬೆಂಗಳೂರಿನವರಿಗೆ ನಿಲ್ಲುವ ಅಂಟು ನಮಗೇಕೆ ನಿಲ್ಲುವುದಿಲ್ಲ?

ದಂತವೈದ್ಯೆ_ದಾವಣಗೆರೆ
@ಪಾವಗಡದವನು, ಇದಕ್ಕೆ ನಿಜವಾದ ಕಾರಣ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಭಾರತೀಯ ಮಾನಕದ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಬಾವಿಗಳಲ್ಲಿ ಅದನ್ನು ಮೀರಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಎನಾಮಲ್‌ನ ಮೇಲ್ಪದರ ಅತಿ ಖನಿಜಭರಿತವಾಗಿ ಆಮ್ಲಕ್ಕೆ ಬಗ್ಗುವುದಿಲ್ಲ, ಅದರ ಕೆಳಗಿನದು ರಂಧ್ರಮಯ, ಸಡಿಲ. ಸಾಮಾನ್ಯ ಹಲ್ಲಿಗೆ ಸಾಕಾಗುವ ಎಚಿಂಗ್, ಎಂದರೆ ಆಮ್ಲ ಹಚ್ಚುವುದು, ಅಲ್ಲಿ ಸಾಲುವುದಿಲ್ಲ. ಮೇಲ್ಪದರವನ್ನು ತೆಳುವಾಗಿ ಉಜ್ಜಿ ತೆಗೆದು, ಎಚಿಂಗ್ ಹೊತ್ತನ್ನು ಹೆಚ್ಚಿಸಬೇಕಾಗುತ್ತದೆ. ಬರೀ ಸೆಲ್ಫ್ ಎಚ್ ಹಾಕಿದರೆ ಸೋಲು ಖಚಿತ. ತಂಗಿಯವರ ಹಲ್ಲು ಮತ್ತೆ ಮಾಡಿಸುವಾಗ ಫಾಸ್ಫಾರಿಕ್ ಆಮ್ಲದ ಎಚಿಂಗ್ ಮಾಡುತ್ತೀರಾ, ಎಷ್ಟು ಹೊತ್ತು ಎಂದು ಕೇಳಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಬೇಸರಿಸಿದರೆ ಬೇರೆಯವರ ಬಳಿ ಹೋಗಿ.

ಅಡಿಕೆತೋಟ
ಸಾಗರದವನು. ನಮ್ಮ ಮನೆಯಲ್ಲಿ ಹುಳುಕಿನ ಗಲಾಟೆ ಕಡಿಮೆ, ಸವೆತದ್ದೇ ಹೆಚ್ಚು. ಚಿಕ್ಕಪ್ಪನವರು ಕವಳ ಹಾಕುವವರು. ಹಲ್ಲಿನ ಬುಡದಲ್ಲಿ, ವಸಡಿನ ಪಕ್ಕ, ಗರಗಸದಿಂದ ಕೊರೆದ ಹಾಗೆ ಕಚ್ಚು ಬಿದ್ದಿದೆ. ಎರಡು ಸಲ ಬಿಳಿ ಫಿಲ್ಲಿಂಗ್ ಹಾಕಿಸಿದರೂ ಬಿತ್ತು. ಈಗ ಅವರು ಹಲ್ಲಿನ ಡಾಕ್ಟರ ಹೆಸರು ಹೇಳಿದರೆ ತೋಟಕ್ಕೆ ಎದ್ದು ಹೋಗುತ್ತಾರೆ.

ವಸಡುಮಿತ್ರ
@ಅಡಿಕೆತೋಟ, ಬುಡದ ಕಚ್ಚಿಗೆ ಹೆಚ್ಚಿನ ಪಾಲು ಕಾರಣ ಗಟ್ಟಿ ಬ್ರಷ್‌ನಲ್ಲಿ ಅಡ್ಡಡ್ಡ ತಿಕ್ಕುವುದು; ಅಡಿಕೆಯಿಂದ ಸವೆಯುವುದು ಮೇಲ್ಭಾಗ. ವರ್ಷಗಟ್ಟಲೆ ಸವೆದ ಡೆಂಟಿನ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ನಾಳಗಳೊಳಗೆ ಖನಿಜ ತುಂಬಿ ಗಾಜಿನ ಹೊಳಪಿಗೆ ಬರುತ್ತದೆ. ಅದಕ್ಕೇ ಅಂಥ ಹಲ್ಲಿಗೆ ಜುಮ್ಮೆನ್ನುವುದು ಕಡಿಮೆ, ಅಂಟೂ ಹಿಡಿಯುವುದು ಕಡಿಮೆ. ಮೇಲ್ಮೈ ಸ್ವಲ್ಪ ಒರಟು ಮಾಡದೆ ಏನು ಹಾಕಿದರೂ ಬೀಳುತ್ತದೆ. ಅಲ್ಲಿ ಎನಾಮಲ್ ತೆಳು, ವಸಡಿನಿಂದ ತೇವ ಜಿನುಗುತ್ತಲೇ ಇರುತ್ತದೆ. ನಾನಾದರೆ ರಾಳ ಬೆರೆತ ಗ್ಲಾಸ್ ಅಯನೋಮರ್ ಹಾಕುತ್ತೇನೆ. ಈ ಜಾಗದಲ್ಲಿ ಅದು ಉಳಿಯುವ ಪ್ರಮಾಣ ಬಹಳ ಚೆನ್ನಾಗಿದೆ ಎಂಬುದನ್ನು ಪಿಜಿ ಹುಡುಗನೂ ಅಲ್ಲಗಳೆಯಲಾರ.

ಪಿಜಿ_ಮಂಗಳೂರು
ಅಲ್ಲಗಳೆಯುವುದಿಲ್ಲ. ಹುಡುಗ ಅಲ್ಲ, ಹುಡುಗಿ.

ವಸಡುಮಿತ್ರ
ಸರಿಯಮ್ಮ. ವಿಷಯ ಮಾತ್ರ ಬದಲಾಗುವುದಿಲ್ಲ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ದಾವಣಗೆರೆ ಮೇಡಂ ಹೇಳಿದಂತೆ ಇಲ್ಲಿನ ಇನ್ನೊಂದು ಕ್ಲಿನಿಕ್‌ಗೆ ಹೋಗಿ ತೋರಿಸಿದೆ. ಬಣ್ಣದ ಕಾಗದ ಕಚ್ಚಿಸಿದರು, ಎತ್ತರ ಇಲ್ಲ. ಪ್ಲಾಸ್ಟಿಕ್‌ನ ಪುಟ್ಟ ಕಡ್ಡಿಯಂಥದ್ದನ್ನು ಹಲ್ಲಿನ ಒಂದೊಂದು ಮೂಲೆಯ ಮೇಲೂ ಇಟ್ಟು ಕಚ್ಚಿಸಿದರು. ಮೂಲೆಗಳಲ್ಲಿ ಏನೂ ಇಲ್ಲ, ಬಿಟ್ಟಾಗಲೂ ಇಲ್ಲ. ಫಿಲ್ಲಿಂಗ್ ನಡುವೆ ಇಟ್ಟು ಒತ್ತಿದಾಗ ಮಾತ್ರ ಅದೇ ಚಳುಕು. ಎಕ್ಸ್‌ರೇಯಲ್ಲಿ ಬೇರಿನ ತುದಿ ಸ್ವಚ್ಛ. ಇದಕ್ಕೇನು ಅರ್ಥ?

ದಂತವೈದ್ಯೆ_ದಾವಣಗೆರೆ
ಸೀಳಿನ ಸಂಶಯ ಬಹಳ ಕಡಿಮೆಯಾಯಿತು, ತಳದಲ್ಲಿ ಸಂದು ಇರುವ ಸಂಶಯ ಹೆಚ್ಚಾಯಿತು. ಮೇಲೆ ಏನು ಹಚ್ಚಿದರೂ ಇದು ಹೋಗುವುದಿಲ್ಲ. ತೆಗೆದು ಮತ್ತೆ ಹಾಕಿಸಿ ಎಂದವರ ಮಾತೇ ಸರಿ ಎಂದು ಇಲ್ಲಿಂದ ಕಾಣುತ್ತದೆ, ಕೊನೆಯ ನಿರ್ಧಾರ ಹಲ್ಲು ನೋಡಿದವರದು. ಕುಳಿಯಲ್ಲಿ ಹುಳುಕು ಇನ್ನೂ ಉಳಿದಿದ್ದರೆ ತಿರುಳಿನ ಹತ್ತಿರದ ಮೆತ್ತನೆಯ ಡೆಂಟಿನ್ ಅನ್ನು ಪೂರ್ತಿ ಕೆರೆದು ತಿರುಳು ತೆರೆಯುವಷ್ಟು ಹಟ ಮಾಡುವ ಅಗತ್ಯ ಇಲ್ಲ ಎಂಬುದು ಈಗಿನ ಒಮ್ಮತ. ಅಂಚಿನ ಸುತ್ತ ಮಾತ್ರ ಗಟ್ಟಿ, ಸ್ವಚ್ಛ ಹಲ್ಲು ಸಿಗಲೇಬೇಕು. ಬಾಂಡ್ ಹಿಡಿಯುವುದು ಅಲ್ಲಿಯೇ.

ಸಂದು ಬೀಳುವುದಕ್ಕೆ ಇನ್ನೊಂದು ಕಾರಣ ಯಾರೂ ಎತ್ತಲಿಲ್ಲ. ಕಾಂಪೋಸಿಟ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಸಾಮಾನ್ಯವಾಗಿ ಗಾತ್ರದ ಶೇ. 2ರಿಂದ 3. ನಾಲ್ಕೂ ಗೋಡೆ, ತಳ ಇರುವ ಕುಳಿಯಲ್ಲಿ ಅದು ಎಲ್ಲ ಕಡೆಗೂ ಅಂಟಿಕೊಂಡೇ ಕುಗ್ಗಬೇಕು, ಹಾಗಾಗಿ ಅಂಟು ದುರ್ಬಲವಿರುವ ಕಡೆ, ಎಂದರೆ ತಳದಲ್ಲಿ, ಕಿತ್ತುಕೊಳ್ಳುತ್ತದೆ. ಒಂದೇ ಸಲಕ್ಕೆ ಗುಪ್ಪೆ ಹಾಕಿ ದೀಪ ಹಿಡಿದರೆ ಹೀಗಾಗುತ್ತದೆ. 2 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಓರೆಯಾಗಿ ತುಂಬಿ, ಒಂದೊಂದನ್ನೂ ಗಟ್ಟಿಮಾಡಿ ಮುಂದೆ ಹೋಗಬೇಕು. ಬಲ್ಕ್ ಫಿಲ್ ಎಂಬ ಬಗೆಯಲ್ಲಿ ಮಾತ್ರ 4 ಮಿಲಿಮೀಟರ್‌ವರೆಗೆ ಒಮ್ಮೆಗೇ ಹಾಕಬಹುದು.

ಲೆಕ್ಕಪತ್ರ
ನನಗೆ ತಿಳಿಯದಿರುವುದು ಇದು. ಒಂದು ಕಡೆ ಎಂಟುನೂರು, ಇನ್ನೊಂದು ಕಡೆ ಮೂರು ಸಾವಿರ, ಎರಡೂ "ಅದೇ ಫಿಲ್ಲಿಂಗ್". ಮೂರು ಸಾವಿರ ಕೊಟ್ಟ ಕಡೆ ಬಾಯಿಗೆ ಹಸಿರು ರಬ್ಬರ್ ಹಾಳೆ ಕಟ್ಟಿ ಮುಕ್ಕಾಲು ಗಂಟೆ ಕೂರಿಸಿದರು. ಉಸಿರು ಕಟ್ಟಿದಂತಾಯಿತು. ರಬ್ಬರ್ ಹಾಳೆಗೆ ಎರಡು ಸಾವಿರವೇ?

ದಂತವೈದ್ಯೆ_ದಾವಣಗೆರೆ
ಹಾಳೆಗಲ್ಲ, ಆ ಮುಕ್ಕಾಲು ಗಂಟೆಗೆ. ರಬ್ಬರ್ ಡ್ಯಾಮ್ ಎನ್ನುವ ಆ ಹಾಳೆ 1864ರಿಂದ ಇದೆ, ನ್ಯೂಯಾರ್ಕಿನ ಬಾರ್ನಮ್ ಎಂಬ ದಂತವೈದ್ಯರ ಕಾಣಿಕೆ. ಎಚಿಂಗ್ ಆದ ಮೇಲೆ ಜೊಲ್ಲೋ, ವಸಡಿನ ರಕ್ತವೋ ತಗುಲಿದರೆ ಆ ಮೇಲ್ಮೈ ಕೆಟ್ಟಂತೆ, ತೊಳೆದು ಮತ್ತೆ ಮೊದಲಿನಿಂದ ಮಾಡಬೇಕು. ಕೆಳದವಡೆಯ ಹಿಂದಿನ ಹಲ್ಲಿನಲ್ಲಿ ನಾಲಿಗೆ ಒಂದು ಕಡೆ, ಜೊಲ್ಲು ಇನ್ನೊಂದು ಕಡೆ. ಬರೀ ಹತ್ತಿ ಉಂಡೆ ಇಟ್ಟು ಎಲ್ಲ ಹಂತ ಮುಗಿಯುವವರೆಗೆ ಒಣಗಿರಿಸುವುದು ಸರ್ಕಸ್.

ವಸಡುಮಿತ್ರ
ಹತ್ತಿ ಉಂಡೆ, ಒಳ್ಳೆಯ ಸಹಾಯಕಿ, ಚುರುಕು ಕೈ ಇದ್ದರೆ ಆಗುತ್ತದೆ. ನನ್ನ ಇಡೀ ನೌಕರಿ ಹಾಗೆಯೇ ಕಳೆದಿದೆ, ರೋಗಿಗಳು ಈಗಲೂ ರಸ್ತೆಯಲ್ಲಿ ಸಿಕ್ಕರೆ ಬಾಯಿ ತೆರೆದು ತೋರಿಸುತ್ತಾರೆ.

ಪಿಜಿ_ಮಂಗಳೂರು
ಬಿದ್ದು ಹೋದವರು ಬೇರೆ ರಸ್ತೆ ಹಿಡಿದಿರುತ್ತಾರೆ ಸರ್.

ಕಡಲೆಬೀಜ
ಈ ಉತ್ತರಕ್ಕೆ ಒಂದು ಹೋಳಿಗೆ ನನ್ನ ಕಡೆಯಿಂದ.

ಬಿಸಿಬೇಳೆ
ಬಾಳಿಕೆ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ವರ್ಷಕ್ಕೆ ಅಂಚು ಕಪ್ಪಾಗುತ್ತದಲ್ಲ, ಏಕೆ?

ಪಿಜಿ_ಮಂಗಳೂರು
ಅಂಚು ಕಪ್ಪಾದದ್ದೆಲ್ಲ ಹುಳುಕಲ್ಲ. ಕೆಲವೊಮ್ಮೆ ಕಾಫಿ, ಎಲೆ ಅಡಿಕೆಯ ಬಣ್ಣ ಮಾತ್ರ. ಅದನ್ನು ಪಾಲಿಶ್ ಮಾಡಿದರೆ ಸಾಕು, ಕಿತ್ತು ಹಾಕಬೇಕಿಲ್ಲ. ನಿಜವಾದ ಸವಕಳಿ ಒಳಗೆ ನಡೆಯುತ್ತದೆ. ಬಾಂಡ್ ಇಳಿಯದೆ ಬೆತ್ತಲೆ ಉಳಿದ ಕೊಲಾಜನ್ ನಾರನ್ನು ಡೆಂಟಿನ್‌ನಲ್ಲೇ ಹುದುಗಿರುವ ಎಂಎಂಪಿ ಎಂಬ ಕಿಣ್ವಗಳು ನಿಧಾನವಾಗಿ ತಿನ್ನುತ್ತವೆ. ಆಮ್ಲವೇ ಅವುಗಳನ್ನು ಎಬ್ಬಿಸುತ್ತದೆ. ಇನ್ನೊಂದೆಡೆ ನೀರು ಹೀರಿಕೊಂಡು ರಾಳವೂ ಸಡಿಲವಾಗುತ್ತದೆ. ಎಲ್ಲವೂ ಒಂದೇ ಬಾಟಲಿಯಲ್ಲಿರುವ ಹಳೆಯ ಬಾಂಡ್‌ಗಳು ನೀರನ್ನು ಹೆಚ್ಚು ಬಿಟ್ಟುಕೊಳ್ಳುತ್ತಿದ್ದವು. ಪ್ರೈಮರ್ ಬೇರೆ, ನೀರು ಹಿಡಿಸದ ಬಾಂಡ್ ಬೇರೆ ಇರುವ ಹಳೆಯ ಮೂರು ಹಂತದ, ಎರಡು ಹಂತದ ಪದ್ಧತಿಗಳು ಇಂದಿಗೂ ಅಳತೆಗೋಲಾಗಿ ಉಳಿದಿರುವುದು ಅದಕ್ಕೆ. ಕಿಣ್ವ ತಡೆಯಲು ಎಚಿಂಗ್ ಆದ ಮೇಲೆ ಶೇ. 2ರ ಕ್ಲೋರ್‌ಹೆಕ್ಸಿಡಿನ್ ಹಚ್ಚುವವರಿದ್ದಾರೆ.

ವಸಡುಮಿತ್ರ
ಪ್ರಯೋಗಾಲಯದಲ್ಲಿ ಅದು ಚೆನ್ನಾಗಿ ಕಾಣುತ್ತದೆ, ಬಾಯಲ್ಲಿ ವರ್ಷಗಳ ಲೆಕ್ಕಕ್ಕೆ ಬಂದಾಗ ಲಾಭ ಸ್ಪಷ್ಟವಾಗಿ ಕಂಡಿಲ್ಲ. ಹಚ್ಚಿದರೆ ಕೆಡುಕಿಲ್ಲ, ಹಚ್ಚದವರನ್ನು ಬೈಯಬೇಕಾಗಿಯೂ ಇಲ್ಲ. ಅದಕ್ಕಿಂತ ದೀಪದ ಕಡೆ ಗಮನ ಕೊಡಿ. ಕಾಂಪೋಸಿಟ್ ಗಟ್ಟಿಮಾಡುವ ನೀಲಿ ದೀಪದ ತುದಿಗೆ ಹಳೆಯ ರಾಳ ಮೆತ್ತಿಕೊಂಡಿರುವುದನ್ನು ಎಷ್ಟು ಕ್ಲಿನಿಕ್‌ಗಳಲ್ಲಿ ನೋಡಿದ್ದೇನೆ! ದೀಪ ಉರಿಯುತ್ತದೆ, ಬೆಳಕು ಅರ್ಧ ತಲುಪುತ್ತದೆ. ಮೇಲೆ ಕಲ್ಲಾಗಿ, ಎರಡು ಹಲ್ಲಿನ ಸಂದಿನ ಕುಳಿಯ ತಳದಲ್ಲಿ ಹಸಿಯಾಗಿ ಉಳಿಯುತ್ತದೆ. ಮತ್ತೆ ಹುಳುಕು ಶುರುವಾಗುವುದು ಆ ತಳದ ಅಂಚಿನಲ್ಲೇ.

ದಂತವೈದ್ಯೆ_ದಾವಣಗೆರೆ
ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ತುದಿಯನ್ನು ಹಲ್ಲಿನಿಂದ ದೂರ ಹಿಡಿದಷ್ಟೂ ಬೆಳಕು ಕುಗ್ಗುತ್ತದೆ, ಓರೆ ಹಿಡಿದರೂ ಅಷ್ಟೇ. ಕಿತ್ತಳೆ ಬಣ್ಣದ ಗುರಾಣಿ ಇಲ್ಲದೆ ಕೆಲಸ ಮಾಡುವವರು ಕಣ್ಣಿಗೆ ಚುಚ್ಚುತ್ತದೆಂದು ಮುಖ ಆಚೆ ತಿರುಗಿಸುತ್ತಾರೆ, ಅಷ್ಟರಲ್ಲಿ ಕೈ ಜರುಗಿ ದೀಪ ವಸಡನ್ನು ಬೆಳಗುತ್ತಿರುತ್ತದೆ.

ಪಾವಗಡದವನು
ದೀಪದ ಬೆಳಕು ಅಳೆಯುವ ಸಾಧನ ಇದೆಯೇ? ತಂಗಿಗೆ ಮತ್ತೆ ಮಾಡಿಸುವ ಮೊದಲು ಕೇಳೋಣವೆಂದು.

ವಸಡುಮಿತ್ರ
ಇದೆ, ರೇಡಿಯೋಮೀಟರ್ ಎನ್ನುತ್ತಾರೆ, ಅಂಗೈಯಗಲದ್ದು. ಅಗ್ಗದವು ಹೇಳುವ ಅಂಕಿಯನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಆದರೆ ಹೊಸತರಲ್ಲಿ ತೋರಿಸಿದ್ದಕ್ಕಿಂತ ಈಗ ಎಷ್ಟು ಇಳಿದಿದೆ ಎಂಬುದನ್ನು ತಿಳಿಯಲು ಸಾಕು. ತಂಗಿಯವರದು ಮುಂದಿನ ಹಲ್ಲು, ದೀಪ ಹತ್ತಿರಕ್ಕೆ ಹೋಗುತ್ತದೆ, ಅಲ್ಲಿ ದೀಪಕ್ಕಿಂತ ಎಚಿಂಗ್ ಹೊತ್ತಿನ ಬಗ್ಗೆಯೇ ಕೇಳಿ.

ಅಡಿಕೆತೋಟ
ಚಿಕ್ಕಪ್ಪನವರಿಗೆ ಇದನ್ನೆಲ್ಲ ಓದಿ ಹೇಳಿದೆ. ಮೆತ್ತನೆಯ ಬ್ರಷ್ ತರಲು ಒಪ್ಪಿದ್ದಾರೆ. ಕವಳದ ವಿಷಯ ಎತ್ತಿದ ಕೂಡಲೇ ಕೊಕ್ಕೆ ಹಿಡಿದು ತೋಟಕ್ಕೆ ನಡೆದರು.